ಬಲೂನು ಬಾಗಿಲಲ್ಲೇ ಇರಲಿ



ಫ್ಲಾರಿಡಾದಲ್ಲಿರುವ ಮಗಳ ಮನೆಗೆ ಹೋಗಿದ್ದ ನಾವು ದಂಪತಿ, ಊರಿಗೆ ಹೊರಡುವ ಹಿಂದಿನ ದಿನವನ್ನು ಡಿಸ್ನಿಯ ಅನಿಮಲ್ ಕಿಂಗ್‌ಡಂಗೆ ಮೀಸಲಿಟ್ಟಿದ್ದೆವು. 1998ರಲ್ಲಿ ತೆರೆದ, ಸುಮಾರು 580 ಎಕರೆಯ ಈ ಉದ್ಯಾನ ಒಂದೇ ದಿನಕ್ಕೆ ಮುಗಿಯುವಂಥದ್ದಲ್ಲ. ಬೆಳಿಗ್ಗೆ ಬಾಗಿಲು ತೆರೆದ ಕೂಡಲೇ ಸಫಾರಿ ವಾಹನ ಹತ್ತಿದೆವು. ಬಿಸಿಲೇರುವ ಮುನ್ನ ಆನೆ, ಜಿರಾಫೆಗಳು ಆರಾಮವಾಗಿ ಮೇಯುತ್ತಿದ್ದವು. ಹಳ್ಳ, ನೀರು, ಗಿಡಗಳ ಮರೆಯಲ್ಲಿ ತಡೆಗಳನ್ನು ಎಷ್ಟು ಜಾಣತನದಿಂದ ಅಡಗಿಸಿದ್ದಾರೆಂದರೆ ಬೇಲಿ ಕಣ್ಣಿಗೇ ಬೀಳುವುದಿಲ್ಲ. ಆಮೇಲೆ ಹುಲಿಗಳ ಕಾಲುದಾರಿ, ಎವರೆಸ್ಟ್ ರೋಲರ್‌ಕೋಸ್ಟರ್ ರೈಲು (ನನ್ನಾಕೆಯ ಧೈರ್ಯ ನನಗಿಲ್ಲ!), ಸಂಜೆ 145 ಅಡಿ ಎತ್ತರದ ಕೃತಕ ಮರ ‘ಜೀವವೃಕ್ಷ’. ಅದರ ಮೈತುಂಬ ಮುನ್ನೂರಕ್ಕೂ ಹೆಚ್ಚು ಪ್ರಾಣಿಗಳ ಕೆತ್ತನೆ. ಕಾಲು ಸೋತರೂ ಕಣ್ಣು ಸೋಲಲಿಲ್ಲ.

ನನ್ನ ಮನಸ್ಸಿಗೆ ಹೆಚ್ಚು ನಾಟಿದ್ದು ಅಲ್ಲಿನ ಒಂದು ಸಣ್ಣ ನಿಯಮ. ಆ ಉದ್ಯಾನದೊಳಗೆ ಬಲೂನು ಮಾರುವುದಿಲ್ಲ, ತಂಪು ಪಾನೀಯಕ್ಕೆ ಪ್ಲಾಸ್ಟಿಕ್ ಸ್ಟ್ರಾ ಕೊಡುವುದಿಲ್ಲ. ಗಾಳಿಗೆ ಹಾರಿ ಆವರಣದೊಳಗೆ ಬಿದ್ದ ರಬ್ಬರಿನ ಚೂರನ್ನು ಪ್ರಾಣಿ ನುಂಗಿದರೆ ಕರುಳು ಕಟ್ಟಿ ಸಾಯಬಹುದು ಎಂಬುದೇ ಕಾರಣ. ನಮ್ಮ ಮೈಸೂರು ಮೃಗಾಲಯದಲ್ಲೂ ಬನ್ನೇರುಘಟ್ಟದಲ್ಲೂ ಪ್ಲಾಸ್ಟಿಕ್ ನಿಷೇಧವಿದೆ, ಸಂತೋಷ. ಬಲೂನಿನ ಬಗ್ಗೆಯೂ ಅಷ್ಟೇ ಕಟ್ಟುನಿಟ್ಟು ಬೇಕು. ಮಕ್ಕಳ ಕೈಯಲ್ಲಿರುವುದನ್ನು ಬಾಗಿಲಲ್ಲೇ ಪಡೆದಿಟ್ಟು, ಹೊರಡುವಾಗ ಮರಳಿಸಿದರೆ ಯಾರೂ ಅಳಬೇಕಿಲ್ಲ. ರಾಜ್ಯದ ಎಲ್ಲ ಮೃಗಾಲಯಗಳಲ್ಲೂ ಇಂಥ ವ್ಯವಸ್ಥೆ ಇರಲೆಂದು ಸಂಬಂಧಪಟ್ಟವರಲ್ಲಿ ಕಳಕಳಿಯ ಮನವಿ.

– ಓದುಗ, ಮೈಸೂರು