ಗೃಹಶಿಕ್ಷಣ: ಮಕ್ಕಳ ಓದು

ನಾಲ್ಕೈದನೆಯ ತರಗತಿಯ ಬಾಲಕ ಬಾಲಿಕೆಯರು ಅಕ್ಷರಗಳನ್ನು ಬಲ್ಲರು. ಆದರೆ ಒತ್ತಕ್ಷರದ ಪದ ಬಂದೊಡನೆ ತಡವರಿಸುವರು. ಆಗ ಹಿರಿಯರು ಗದರಿಸಿದರೆ ಮಗುವಿಗೆ ಪುಸ್ತಕವೇ ವೈರಿಯಾಗುವುದು. ಪದಪದಕ್ಕೂ ತಿದ್ದದೆ, ವಾಕ್ಯವು ಮುಗಿದ ಮೇಲೆ ತಪ್ಪಿದ ಶಬ್ದವನ್ನು ಬಿಡಿಸಿ ಹೇಳಿಕೊಡಬೇಕು.

ಸಂಜೆ ದೀಪ ಹಚ್ಚಿದ ಬಳಿಕ ಕಾಲು ಗಂಟೆ ಜೊತೆಯಲ್ಲಿ ಕುಳಿತು, ಒಂದು ಪುಟವನ್ನು ಹಿರಿಯರೂ ಮುಂದಿನದನ್ನು ಮಗುವೂ ಗಟ್ಟಿಯಾಗಿ ಓದಲಿ. ಕಥೆಯು ರಸವತ್ತಾದೆಡೆಯಲ್ಲಿ ಹಿರಿಯರು ನಿಲ್ಲಿಸಲಿ. ಮುಂದೇನಾಯಿತೆಂಬ ಕುತೂಹಲದಿಂದ ಮಗುವು ತಾನಾಗಿಯೇ ಪುಟ ತಿರುವುವುದು. ಪಂಜೆ ಮಂಗೇಶರಾಯರ (1874–1937) ಮಕ್ಕಳ ಕಥೆಗಳು ಇದಕ್ಕೆ ಬಹು ಯೋಗ್ಯವಾದವು.

ತರಗತಿಗಿಂತ ಸುಲಭವಾದ ಪುಸ್ತಕವನ್ನು ಮಗು ಆರಿಸಿಕೊಂಡರೆ ಅಡ್ಡಿಪಡಿಸಬಾರದು. ಎಡವದೆ ಓದಿದ ಪುಸ್ತಕವೇ ಮುಂದಿನದಕ್ಕೆ ಮೆಟ್ಟಲು. ಪರೀಕ್ಷೆಯ ಅಂಕಗಳು ಮರೆತುಹೋಗುವುವು. ಓದಿನ ರುಚಿಯು ಆಯುಷ್ಯವೆಲ್ಲ ಉಳಿಯುವುದು.