ವಿಯೆಟ್ನಾಮಿನ ಮೆಣಸು, ಮಲೆನಾಡಿನ ಧಾರಣೆ

ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಪೇಟೆಗಳಲ್ಲಿ ಕಾಳುಮೆಣಸಿನ ಧಾರಣೆ ಕುಸಿದಾಗಲೆಲ್ಲ ಕೇಳಿಬರುವ ಹೆಸರು ವಿಯೆಟ್ನಾಂ. ಬೆಳೆಗಾರನ ಬಾಯಲ್ಲಿ ಅದು ಶಾಪ. ವ್ಯಾಪಾರಿಯ ಬಾಯಲ್ಲಿ ಎಷ್ಟೋ ಸಲ ನೆಪ. ಕಾಫಿ ಕ್ಯೂರಿಂಗ್ ವರ್ಕ್ಸಿನಲ್ಲಿ ಬೀಜ ಆರಿಸುವ ಹೆಣ್ಣುಮಕ್ಕಳ ಕಿವಿಗೂ ಆ ಹೆಸರು ಬಿದ್ದಿದೆ. ಆದರೆ ಆ ದೇಶ ಎಲ್ಲಿದೆ, ಅಲ್ಲಿಯ ಜನ ಹೇಗೆ ಬಾಳುತ್ತಾರೆ, ಅವರ ಮೆಣಸು ನಮ್ಮದಕ್ಕಿಂತ ಅಗ್ಗವಾದದ್ದು ಹೇಗೆ ಎಂದು ವಿಚಾರಿಸಿದವರು ಕಡಿಮೆ. ನಮ್ಮ ಅನ್ನಕ್ಕೆ ಸಂಬಂಧಪಟ್ಟ ದೇಶವನ್ನು ತಿಳಿಯದೆ ಬೈಯುವುದರಿಂದ ಯಾರಿಗೆ ಲಾಭ ಎಂಬುದನ್ನು ಮುಂದೆ ನೋಡೋಣ.

ಚೀನಾದ ಕೆಳಗೆ, ಲಾವೋಸ್ ಮತ್ತು ಕಾಂಬೋಡಿಯಾಗಳ ಮೂಡಲಿಗೆ, ಕಡಲಿಗೆ ಬೆನ್ನು ಬಾಗಿಸಿ ನಿಂತಂತಿರುವ ದೇಶ ವಿಯೆಟ್ನಾಂ. ತೆಂಕು-ಬಡಗಾಗಿ ಸುಮಾರು 1,650 ಕಿಲೋಮೀಟರ್ ಉದ್ದ. ನಡುವೆ ಒಂದು ಕಡೆ ಅಗಲ ಕೇವಲ 50 ಕಿಲೋಮೀಟರ್. ಶೃಂಗೇರಿಯಲ್ಲಿ ಬಸ್ಸು ಹತ್ತಿ ಕೊಪ್ಪದ ಮೇಲೆ ನರಸಿಂಹರಾಜಪುರ ಮುಟ್ಟುವ ಹೊತ್ತಿಗೆ ಹೆಚ್ಚುಕಡಿಮೆ ಆ ದೇಶವನ್ನೇ ಅಡ್ಡ ಹಾಯ್ದಂತಾಯಿತು. ವಿಸ್ತೀರ್ಣ ಸುಮಾರು 3 ಲಕ್ಷ 31 ಸಾವಿರ ಚದರ ಕಿಲೋಮೀಟರ್, ಎಂದರೆ ಕರ್ನಾಟಕದ ಒಂದೂಮುಕ್ಕಾಲು ಪಟ್ಟು. ಜನಸಂಖ್ಯೆ 2023ರಲ್ಲಿ ಹತ್ತು ಕೋಟಿ ದಾಟಿತು. ಬಡಗಲಲ್ಲಿ ಕೆಂಪುನದಿಯ ಬಯಲು, ತೆಂಕಲಲ್ಲಿ ಮೆಕಾಂಗ್ ನದಿಯ ಬಯಲು. ಎರಡೂ ಭತ್ತದ ಕಣಜಗಳು. ಕಾವಡಿಯ ಎರಡು ತುದಿಗೆ ತೂಗಿದ ಅಕ್ಕಿಬುಟ್ಟಿಗಳೆಂದು ಆ ದೇಶದವರೇ ಇವನ್ನು ಹೇಳಿಕೊಳ್ಳುವುದುಂಟು. ರಾಜಧಾನಿ ಹನೋಯ್ ಮೊದಲನೆಯದರಲ್ಲಿ. ಹಿಂದೆ ಸೈಗಾನ್ ಎನಿಸಿದ್ದ ಹೋ ಚಿ ಮಿನ್ ನಗರ ಎರಡನೆಯದರ ಪಕ್ಕದಲ್ಲಿ.

ನಮಗೆ ಬೇಕಾದದ್ದು ಬುಟ್ಟಿಗಳಲ್ಲ, ನಡುವಿನ ಬೆಟ್ಟಸೀಮೆ. ಡಾಕ್ ಲಾಕ್, ಗಿಯಾ ಲಾಯ್ ಮುಂತಾದ ಪ್ರಾಂತಗಳಿರುವ ಈ ಪ್ರಸ್ಥಭೂಮಿಯಲ್ಲಿ ಕೆಂಪು ಮಣ್ಣು, ಮೇ ತಿಂಗಳಿಂದ ಅಕ್ಟೋಬರದವರೆಗೆ ಮಳೆ, ತೋಟ ತೋಟಕ್ಕೂ ಕಾಫಿ, ಮೆಣಸು. ನಮ್ಮವನೊಬ್ಬನನ್ನು ಕಣ್ಣು ಕಟ್ಟಿ ಕರೆದೊಯ್ದು ಅಲ್ಲಿ ಬಿಟ್ಟರೆ ಬಾಳೆಹೊನ್ನೂರಿನ ಕಡೆ ಬಂದೆನೆಂದುಕೊಂಡಾನು. ಆದರೆ ಮೆಣಸಿನ ತೋಟ ಹೊಕ್ಕ ಕೂಡಲೆ ಭ್ರಮೆ ಹರಿಯುತ್ತದೆ. ನಮ್ಮಲ್ಲಿ ಬಳ್ಳಿ ಅಡಿಕೆ ಮರಕ್ಕೋ ಕಾಫಿ ತೋಟದ ನೆರಳಿನ ಮರಕ್ಕೋ ಹಬ್ಬುತ್ತದೆ; ಅದು ಉಪಬೆಳೆ, ಕೊಳೆರೋಗದಲ್ಲಿ ಅಡಿಕೆ ಕೈಕೊಟ್ಟ ವರ್ಷ ಮನೆಯ ಮಾನ ಕಾಯುವ ಬೆಳೆ. ಅಲ್ಲಿ ಬಯಲಲ್ಲಿ ಸಾಲುಸಾಲಾಗಿ ಕಂಬ ನೆಟ್ಟು, ಹಲವೆಡೆ ಸಿಮೆಂಟಿನ ಕಂಬವನ್ನೇ ನೆಟ್ಟು, ನೀರು ಗೊಬ್ಬರ ಸುರಿದು ಮೆಣಸೊಂದನ್ನೇ ಬೆಳೆದರು. ಹೆಕ್ಟೇರಿಗೆ ಎರಡು ಟನ್ನಿಗೂ ಮೇಲೆ ಇಳುವರಿ ತೆಗೆದರು. ನಮ್ಮ ದೇಶದ ಸರಾಸರಿ ಅರ್ಧ ಟನ್ನೂ ಇಲ್ಲ. ತಾವು ತಿನ್ನುವುದು ಅತ್ಯಲ್ಪ. ಬೆಳೆದದ್ದರಲ್ಲಿ ಬಹುಪಾಲು ಹಡಗು ಹತ್ತಬೇಕು. ವರ್ಷಕ್ಕೆ ಎರಡು ಲಕ್ಷ ಟನ್ನಿಗೂ ಮಿಕ್ಕಿ ರಫ್ತು ಮಾಡುವ ಆ ದೇಶದ ಧಾರಣೆಯೇ ಜಗತ್ತಿನ ಧಾರಣೆಯಾಗಿ ಕೂತಿತು.

ಇದು ಹೇಗಾಯಿತು? ಫ್ರೆಂಚರನ್ನು 1954ರಲ್ಲಿ ದಿಯನ್ ಬಿಯನ್ ಫುವಿನಲ್ಲಿ ಸೋಲಿಸಿ, ಅಮೆರಿಕದಂಥ ದೈತ್ಯನನ್ನು ಎದುರಿಸಿ 1975ರಲ್ಲಿ ಯುದ್ಧ ಮುಗಿಸಿದ ಜನ ಅವರು. ಆ ಶೌರ್ಯಕ್ಕೆ ತಲೆಬಾಗೋಣ. ಆದರೆ ಗೆದ್ದ ಮೇಲೆ ಹೊಲ ಗದ್ದೆಗಳನ್ನೆಲ್ಲ ಕೂಡೊಕ್ಕಲಿಗೆ ಸೇರಿಸಿ ಮೇಲಿನಿಂದ ಹುಕುಂ ನಡೆಸಿದಾಗ ಭತ್ತದ ದೇಶದಲ್ಲೇ ಅಕ್ಕಿಗೆ ಪರದಾಟವಾಯಿತು. 1986ರಲ್ಲಿ ‘ದೋಯಿ ಮೋಯಿ’ ಎಂಬ ಹೊಸ ನೀತಿ ಬಂತು. 1988ರಲ್ಲಿ ಸಾಗುವಳಿಯನ್ನು ಒಕ್ಕಲು ಮನೆಗಳಿಗೆ ಬಿಟ್ಟುಕೊಟ್ಟರು. ಮರುವರ್ಷವೇ ಆ ದೇಶ ಅಕ್ಕಿ ರಫ್ತು ಮಾಡಿತು! 1993ರ ಭೂಕಾನೂನಿನಂತೆ ನೆಲದ ಒಡೆತನ ಇಡೀ ಜನತೆಯದು, ಉಳುವ ಹಕ್ಕು ಮನೆಯವರದು. ಕಾಫಿ, ಮೆಣಸಿನಂಥ ಬಹುವಾರ್ಷಿಕ ಬೆಳೆಗೆ 50 ವರ್ಷದ ಹಕ್ಕು. 1951ರ ಕಾಗೋಡು ಸತ್ಯಾಗ್ರಹದ ನೆನಪಿರುವ ಈ ಸೀಮೆಯಲ್ಲಿ, ಉಳುವವನ ಕೈಗೆ ನೆಲ ಬಂದರೆ ಬೆಳೆ ಏನಾಗುತ್ತದೆಂದು ಬಿಡಿಸಿ ಹೇಳಬೇಕಿಲ್ಲ. ಅವರ ಸರ್ಕಾರ ಸಾಲ, ರಸ್ತೆ, ನೀರಾವರಿಗಳಿಂದ ಬೆನ್ನಿಗೆ ನಿಂತಿತು. ಜಗತ್ತಿನಲ್ಲಿ ಬ್ರೆಜಿಲ್ ಬಿಟ್ಟರೆ ಅತಿ ಹೆಚ್ಚು ಕಾಫಿ ಬೆಳೆಯುವ ದೇಶ ಅದಾಯಿತು. ಅದೇ ಕಾಲದಲ್ಲಿ, 1992ರಿಂದ 1996ರೊಳಗೆ, ನಮ್ಮ ಸರ್ಕಾರ ಕಾಫಿ ಬೋರ್ಡಿನ ಪೂಲ್ ವ್ಯವಸ್ಥೆಯನ್ನು ಕಳಚಿ ಬೆಳೆಗಾರನನ್ನು ಪೇಟೆಗೆ ಒಪ್ಪಿಸಿ ಕೈತೊಳೆದುಕೊಂಡಿತು. ಪೂಲಿನಲ್ಲಿ ದೋಷಗಳಿದ್ದವು, ನಿಜ. ಆದರೆ ಅದರ ಜಾಗಕ್ಕೆ ಸಣ್ಣವನಿಗೆ ಆಸರೆಯಾಗುವಂಥದು ಬರಲಿಲ್ಲ.

ಹಾಗೆಂದು ಅದೇನು ರಾಮರಾಜ್ಯವೆಂದು ತಿಳಿಯಬಾರದು. ಸರ್ಕಾರ ಗುರುತಿಸಿದ 54 ಜನಾಂಗಗಳಲ್ಲಿ ಕಿನ್ ಎಂಬ ಬಯಲುಸೀಮೆಯವರೇ ನೂರಕ್ಕೆ ಎಂಬತ್ತೈದು. ಬೆಟ್ಟಸೀಮೆ ಮೂಲತಃ ಎಡೆ, ಜರಾಯ್, ಬಾನಾರ್, ಮ್ನಾಂಗ್ ಎಂಬ ಗಿರಿಜನರದು. 1975ರ ನಂತರ ಬಯಲಿನವರನ್ನು ತಂಡೋಪತಂಡವಾಗಿ ಅಲ್ಲಿ ನೆಲೆಗೊಳಿಸಿದರು. ಗಿರಿಜನರು ತಮ್ಮ ಕಾಡಿನಲ್ಲೇ ಅಲ್ಪಸಂಖ್ಯಾತರಾದರು. ನೆಲಕ್ಕಾಗಿ, ಧರ್ಮಾಚರಣೆಗಾಗಿ 2001ರಲ್ಲೂ 2004ರಲ್ಲೂ ಬೀದಿಗಿಳಿದವರನ್ನು ಸರ್ಕಾರ ಅಡಗಿಸಿತು. ಕುದುರೆಮುಖ ರಾಷ್ಟ್ರೀಯ ಉದ್ಯಾನದ ಹೆಸರಿನಲ್ಲಿ ಶೃಂಗೇರಿ ಸುತ್ತಿನ ಗಿರಿಜನರು ಪಟ್ಟ ಪಾಡನ್ನು ಕಂಡವರಿಗೆ ಈ ಕಥೆ ಅಪರಿಚಿತವಲ್ಲ.

ಗಿರಣಿ ಕಾರ್ಮಿಕರು ಕೇಳಬಹುದು: ಅಲ್ಲಿ ಕೂಲಿಕಾರನ ಗತಿಯೇನು? ಬಟ್ಟೆ, ಪಾದರಕ್ಷೆ, ಮೊಬೈಲ್ ಫೋನು ತಯಾರಿಸುವ ಪರದೇಶಿ ಕಂಪನಿಗಳಿಂದ ಆ ದೇಶ ತುಂಬಿದೆ. 2024ರ ಜುಲೈಯಲ್ಲಿ ದೊಡ್ಡ ನಗರಗಳ ಕನಿಷ್ಠ ವೇತನವನ್ನು ತಿಂಗಳಿಗೆ 49 ಲಕ್ಷ 60 ಸಾವಿರ ಡಾಂಗ್‌ಗೆ ಏರಿಸಿದರು. ಲಕ್ಷ ಎಂದು ಬೆರಗಾಗುವುದು ಬೇಡ, ನಮ್ಮ ಲೆಕ್ಕದಲ್ಲಿ ಅದು ಹದಿನಾರು ಸಾವಿರ ರೂಪಾಯಿಯ ಆಸುಪಾಸು. ಪಕ್ಷ ಒಂದೇ. ಕಾರ್ಮಿಕ ಸಂಘಗಳ ಒಕ್ಕೂಟವೂ ಒಂದೇ, ಅದೂ ಪಕ್ಷದ ಹಿಡಿತದಲ್ಲಿ. ಕಾರ್ಮಿಕರ ಹೆಸರಿನಲ್ಲಿ ಆಳುವ ರಾಜ್ಯದಲ್ಲಿ ಕಾರ್ಮಿಕನಿಗೆ ತನ್ನದೇ ಸಂಘ ಕಟ್ಟುವ ಸ್ವಾತಂತ್ರ್ಯವಿಲ್ಲ. ಇದನ್ನು ಸಮಾಜವಾದವೆಂದು ಕರೆಯಲು ನಾವು ಸಿದ್ಧರಿಲ್ಲ.

ಮೆಣಸಿಗೆ ಬರೋಣ. 2015ರ ಸುಮಾರಿಗೆ ಕಿಲೋಗೆ ಎರಡು ಲಕ್ಷ ಡಾಂಗ್ ದಾಟಿದ ಬೆಲೆ ಕಂಡು ಅಲ್ಲಿಯ ರೈತರು ಸಾಲ ಮಾಡಿ ಕಂಬದ ಮೇಲೆ ಕಂಬ ನೆಟ್ಟರು. ಸರಕು ತುಂಬಿ ತುಳುಕಿತು. 2020ರ ಹೊತ್ತಿಗೆ ಬೆಲೆ ಐವತ್ತು ಸಾವಿರಕ್ಕಿಂತಲೂ ಕೆಳಗಿಳಿಯಿತು. ಮೇಲಿಂದ ಸೊರಗು ರೋಗ. ಗಿಯಾ ಲಾಯಿಯ ಚು ಸೇ ಎಂಬ ಹೆಸರುವಾಸಿ ಮೆಣಸಿನ ಸೀಮೆಯಲ್ಲಿ ಬಳ್ಳಿ ಸತ್ತ ಕಂಬಗಳಷ್ಟೇ ಉಳಿದ ತೋಟಗಳಾದವು, ಬ್ಯಾಂಕಿನ ಸಾಲ ತೀರಿಸಲಾಗದೆ ಊರು ಬಿಟ್ಟವರೂ ಉಂಟು. ನಮ್ಮಲ್ಲಿ ಅದೇ ಕಾಲಕ್ಕೆ ಏಳುನೂರು ರೂಪಾಯಿ ಮುಟ್ಟಿದ್ದ ಮೆಣಸು ಅದರ ಅರ್ಧಕ್ಕೆ ಬಂತು. ಏಳುನೂರರ ಆಸೆಯಲ್ಲಿ ಮೂಟೆ ಕಟ್ಟಿಟ್ಟ ಸಣ್ಣ ವ್ಯಾಪಾರಿ ಬಡ್ಡಿಯಲ್ಲೇ ಮುಳುಗಿದ. ಎರಡೂ ಕಡೆ ಬಿದ್ದದ್ದು ಒಂದೇ ಏಟು. ಇನ್ನು 2024ರಲ್ಲಿ ಅವರ ಬೆಟ್ಟಸೀಮೆಗೆ ಬರ ಬಡಿದು ಕಾಫಿ ಒಣಗಿದಾಗ ನಮ್ಮ ರೊಬಸ್ಟಾ ಹಿಂದೆಂದೂ ಕಾಣದ ಧಾರಣೆ ಕಂಡಿತಷ್ಟೆ? ಅವರ ಕೇಡು ನಮ್ಮ ಸುಗ್ಗಿಯಾಗುವ ಈ ವ್ಯವಸ್ಥೆಯನ್ನು ಕಟ್ಟಿದವನು ರೈತನಂತೂ ಅಲ್ಲ.

ಆ ಮೆಣಸು ಇಲ್ಲಿಗೆ ಬರುವ ದಾರಿ ನೋಡಿ. ಆಸಿಯಾನ್ ದೇಶಗಳೊಡನೆ 2009ರಲ್ಲಿ ಸಹಿಯಾಗಿ 2010ರ ಜನವರಿ 1ರಿಂದ ಜಾರಿಗೆ ಬಂದ ಒಪ್ಪಂದ ಮೆಣಸಿನ ಸುಂಕವನ್ನು ನೂರಕ್ಕೆ 70ರಿಂದ ಹಂತಹಂತವಾಗಿ 50ಕ್ಕೆ ಇಳಿಸಿತು. ಸಹಿ ಹಾಕುವ ಮುನ್ನ ಕೊಪ್ಪದವನನ್ನು ಯಾರೂ ಕೇಳಲಿಲ್ಲ. ಆದರೂ 50 ಸಣ್ಣ ಸುಂಕವಲ್ಲ. ಹಾಗಾಗಿ ಹಿತ್ತಿಲ ಬಾಗಿಲು ಬೇಕಾಯಿತು. ಶ್ರೀಲಂಕಾದೊಡನೆ 2000ದಲ್ಲಿ ಜಾರಿಯಾದ ಒಪ್ಪಂದದಂತೆ ವರ್ಷಕ್ಕೆ 2,500 ಟನ್ ಮೆಣಸು ಸುಂಕವಿಲ್ಲದೆ ಬರಬಹುದು. ವಿಯೆಟ್ನಾಮಿನ ಮೆಣಸೇ ಶ್ರೀಲಂಕಾದ ಮೂಲಪತ್ರ ಅಂಟಿಸಿಕೊಂಡು ಒಳಬರುತ್ತಿದೆಯೆಂದು ಬೆಳೆಗಾರರ ಸಂಘಗಳು ವರ್ಷಗಟ್ಟಲೆ ದೂರಿಕೊಂಡವು. 2017ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಕಿಲೋಗೆ 500 ರೂಪಾಯಿಯ ಕನಿಷ್ಠ ಆಮದು ಬೆಲೆ ಗೊತ್ತುಮಾಡಿತು. ಕಾಗದದ ಮೇಲೆ ಐನೂರು ಬರೆದು ಒಳಗೆ ಅಗ್ಗಕ್ಕೆ ತರುವ ಚಾಳಿ ಶುರುವಾಯಿತೆಂಬುದು ಮುಂದಿನ ದೂರು. ಮೆಣಸಿನ ಎಣ್ಣೆ ತೆಗೆದು ಹೊರದೇಶಕ್ಕೆ ಕಳಿಸುತ್ತೇವೆಂದು ಸುಂಕವಿಲ್ಲದೆ ತಂದ ಸರಕು ನಡುದಾರಿಯಲ್ಲಿ ಸೋರುತ್ತದೆಯೆಂಬ ಆರೋಪ ಬೇರೆ.

ವಿಯೆಟ್ನಾಮಿನ ರೈತನನ್ನು ಬೈದರೆ ಸಂತೋಷಪಡುವವರು ಈ ಆಮದುಗಾರರೇ. ಚು ಸೇಯ ಸಾಲಗಾರನಿಗೂ ಹರಿಹರಪುರದ ಸಾಲಗಾರನಿಗೂ ಜಗಳ ಹಚ್ಚಿ ನಡುವಿನ ಅಂತರವನ್ನು ಜೇಬಿಗಿಳಿಸುವವರು ಅವರು. ಆಮದಾದ ಪ್ರತಿ ಹಡಗಿನ ಲೆಕ್ಕ, ತಂದವರ ಹೆಸರು, ತೋರಿಸಿದ ಬೆಲೆ ತಿಂಗಳು ತಿಂಗಳು ಪ್ರಕಟವಾಗಬೇಕು. ಮರುರಫ್ತಿಗೆಂದು ತಂದದ್ದರಲ್ಲಿ ಹೊರಹೋದದ್ದೆಷ್ಟು ಎಂಬುದನ್ನು ಸರ್ಕಾರ ತೋರಿಸಬೇಕು. 1939ರಲ್ಲೇ ಅಡಿಕೆಗೆ ಮಾಮ್‌ಕೋಸ್ ಕಟ್ಟಿದ ಮಲೆನಾಡಿಗೆ ಮೆಣಸನ್ನು ದಾಸ್ತಾನಿಟ್ಟು ಮುಂಗಡ ಕೊಡುವ ಸಹಕಾರಿ ಏರ್ಪಾಡು ಅಸಾಧ್ಯವೇನೂ ಅಲ್ಲ. ಅದರಲ್ಲಿ ಸಣ್ಣ ವ್ಯಾಪಾರಿಗೂ ಜಾಗವಿರಬೇಕು. ಆಸಿಯಾನ್ ಒಪ್ಪಂದದ ಮರುಪರಿಶೀಲನೆಯ ಮಾತುಕತೆ 2023ರಲ್ಲಿ ಆರಂಭವಾಯಿತು. ಅದರಲ್ಲಿ ಮೆಣಸಿನ ಪರವಾಗಿ ಏನು ಮಂಡಿಸಿದಿರಿ ಎಂದು ನಮ್ಮ ಲೋಕಸಭಾ ಸದಸ್ಯರನ್ನು ಮೂರೂ ತಾಲ್ಲೂಕಿನ ಸಹಕಾರ ಸಂಘಗಳು ಠರಾವಿನ ಮೂಲಕ ಬರೆದು ಕೇಳಲಿ. ಉತ್ತರ ಬಂದರೆ ಈ ಪತ್ರಿಕೆಯಲ್ಲೇ ಅಚ್ಚು ಹಾಕೋಣ.