ಹಿರಿಯರು ಬೇಡವೆನ್ನುವುದು ಯಾವುದನ್ನು?



ತರಬೇತಿ ಶಿಬಿರಗಳಲ್ಲಿ, ಕ್ಷೇತ್ರೋತ್ಸವಗಳಲ್ಲಿ ಯುವ ರೈತರಿಂದ ಮೇಲಿಂದ ಮೇಲೆ ಕೇಳಿಬರುವ ಮಾತೊಂದಿದೆ: "ನಮಗೇನೋ ಮಾಡಬೇಕೆಂದು ಮನಸ್ಸಿದೆ, ಮನೆಯಲ್ಲಿ ಹಿರಿಯರು ಒಪ್ಪುವುದಿಲ್ಲ." ವಿಸ್ತರಣಾ ಕಾರ್ಯಕರ್ತರಲ್ಲೂ ಇದೇ ಅಭಿಪ್ರಾಯ ಬೇರೂರಿದೆ. ವಯಸ್ಸಾದವರು ಹೊಸದನ್ನು ಒಲ್ಲರು, ಅವರನ್ನು ಬಿಟ್ಟು ಮಕ್ಕಳಿಗೆ ಹೇಳಿದರೆ ಕೆಲಸ ಸುಲಭ ಎಂದು ತಿಳಿದವರು ಬಹಳ ಮಂದಿ. ಈ ಅಭಿಪ್ರಾಯವನ್ನು ನಾನು ಒಪ್ಪಲಾರೆ.

ಮೊದಲು ವಯಸ್ಸಿನ ಲೆಕ್ಕವನ್ನೇ ನೋಡೋಣ. ಈಗ ಎಂಬತ್ತರ ಆಸುಪಾಸಿನಲ್ಲಿರುವ ತಮ್ಮ ತಂದೆಯವರೋ ಅಜ್ಜನವರೋ ಇಪ್ಪತ್ತರ ಹರೆಯದಲ್ಲಿದ್ದಾಗ ನಡೆದದ್ದೇನು? 1966ರಲ್ಲಿ ಐ.ಆರ್.-8 ಭತ್ತ ಬಂತು. 1968ರಲ್ಲಿ ಜಯ ತಳಿ ಬಿಡುಗಡೆಯಾಯಿತು. ಧಾರವಾಡದಲ್ಲಿ ಡಾ. ಬಿ.ಎಚ್. ಕಟರಕಿಯವರು ಸಿದ್ಧಪಡಿಸಿದ ವರಲಕ್ಷ್ಮಿ ಹತ್ತಿ 1972ರಲ್ಲಿ ರೈತರ ಕೈ ಸೇರಿತು. ಮಂಡ್ಯದ ವಿ.ಸಿ. ಫಾರಂನಲ್ಲಿ ಲಕ್ಷ್ಮಣಯ್ಯನವರು ಭಾರತದ ರಾಗಿಯನ್ನು ಆಫ್ರಿಕಾದ ರಾಗಿಯೊಡನೆ ಸಂಕರ ಮಾಡಿ ಇಂಡಾಫ್ ತಳಿಗಳನ್ನು ಕೊಟ್ಟದ್ದು ಅದೇ ದಶಕದಲ್ಲಿ. ಇವನ್ನೆಲ್ಲ ಬಿತ್ತಿ ನೋಡಿದವರು ಯಾರು? ಇಂದು ನಾವು "ಹಳೆಯ ಕಾಲದವರು" ಎಂದು ಬದಿಗಿಡುತ್ತಿರುವ ಇವರೇ. ಹತ್ತಿಯ ಹೂವೊಂದೊಂದನ್ನೂ ಕೈಯಲ್ಲಿ ಬಿಡಿಸಿ ಪರಾಗ ಸವರಿ ಸಂಕರಣ ಬೀಜ ಮಾಡುವ ನಾಜೂಕಿನ ಕೆಲಸವನ್ನು ಕಲಿತ ಪೀಳಿಗೆ ಅದು. ಅಂಥವರು ಹೊಸದೆಂಬ ಒಂದೇ ಕಾರಣಕ್ಕೆ ಹೆದರುತ್ತಾರೆಂದರೆ ನಂಬುವುದು ಕಷ್ಟ.

ಹಾಗಾದರೆ ಅವರು ಬೇಡವೆನ್ನುವುದು ಯಾವುದನ್ನು? ರಾಗಿ ಹೊಲದ ಕಳೆನಾಶಕವನ್ನೇ ತೆಗೆದುಕೊಳ್ಳಿ. ಕೂಲಿಯವರು ಸಿಗುತ್ತಿಲ್ಲ, ಸಿಕ್ಕರೂ ಕಳೆ ಕೀಳುವ ಹೊತ್ತಿಗೆ ಸರಿಯಾಗಿ ಸಿಗುವುದಿಲ್ಲ. ಮಗ 2,4-ಡಿ ತಂದು ಸಿಂಪಡಿಸಿದರೆ ಅಗಲ ಎಲೆಯ ಕಳೆಗಳು ಸಾಯುತ್ತವೆ, ರಾಗಿ ಉಳಿಯುತ್ತದೆ. ಇದು ಶಾಸ್ತ್ರಸಮ್ಮತವಾದ ಶಿಫಾರಸೇ. ಆದರೆ ಮನೆಯ ಹಿರಿಯರು ಔಷಧಿಯ ಡಬ್ಬ ಕಂಡೊಡನೆ ಸಿಡಿಮಿಡಿಗೊಳ್ಳುತ್ತಾರೆ. ಅವರ ಹೊಲದಲ್ಲಿ ಬರೀ ರಾಗಿ ಇಲ್ಲ. ಅಕ್ಕಡಿ ಸಾಲಿನಲ್ಲಿ ಅವರೆ, ತೊಗರಿ, ಹುಚ್ಚೆಳ್ಳು, ಅಂಚಿನಲ್ಲಿ ಹರಳು ಇವೆ. ಇವೆಲ್ಲವೂ ಅಗಲ ಎಲೆಯ ಗಿಡಗಳೇ ಆದುದರಿಂದ 2,4-ಡಿಗೆ ಇವೂ ಕಳೆಗಳೇ! ಸಿಂಪಡಿಸಿದ ಕೆಲವೇ ದಿನಗಳಲ್ಲಿ ಅವರೆಯ ಕುಡಿ ತಿರುಚಿಕೊಳ್ಳುತ್ತದೆ. ಗಾಳಿಯಿದ್ದರೆ ಪಕ್ಕದವರ ಟೊಮ್ಯಾಟೊ ಮತ್ತು ಹತ್ತಿಗೂ ಹಾನಿ ತಪ್ಪಿದ್ದಲ್ಲ. ಡ್ರೋನ್ ಬಂದಿರುವ ಈ ದಿನಗಳಲ್ಲಿ ಈ ಮಾತನ್ನು ಇನ್ನಷ್ಟು ಗಮನದಲ್ಲಿಡಬೇಕು. ಹಿರಿಯರಿಗೆ ರಾಸಾಯನಿಕದ ಹೆಸರು ಗೊತ್ತಿಲ್ಲದಿರಬಹುದು, ಹೊಲದಲ್ಲಿ ಏನೇನಿದೆ ಎಂಬುದು ಗೊತ್ತಿದೆ. ಅಕ್ಕಡಿ ಇರುವ ಹೊಲಕ್ಕೆ ಎಡೆಕುಂಟೆಯೇ ಸರಿ. ಸಾಲು ನೇರವಾಗಿದ್ದರೆ ಸಣ್ಣ ಯಂತ್ರದಿಂದಲೂ ಎಡೆ ಹೊಡೆಯಬಹುದು. ಅಂದರೆ ಹಿರಿಯರು ಬೇಡವೆಂದದ್ದು ಯಂತ್ರವನ್ನಲ್ಲ, ಅವರೆ ತೊಗರಿಯ ನಾಶವನ್ನು.

ಇಲ್ಲಿ ಒಂದು ಮಾತು ಸೇರಿಸಬೇಕು. ಅಕ್ಕಡಿ ಬೀಜಗಳನ್ನು ಬೂದಿಯಲ್ಲಿ ಬೆರೆಸಿ ಮಡಕೆಯಲ್ಲಿ ಕಾಪಾಡಿಕೊಂಡು ಬಂದವರು ಬಹುತೇಕ ಮನೆಯ ಹೆಂಗಸರು. ತಂದೆ ಮಗನ ನಡುವಿನ ಚರ್ಚೆಯಲ್ಲಿ ಅಜ್ಜಿಯ ಅಭಿಪ್ರಾಯ ಕೇಳುವ ರೂಢಿ ನಮ್ಮಲ್ಲಿ ಇನ್ನೂ ಬಂದಿಲ್ಲ.

ಕಟಾವು ಯಂತ್ರದ ವಿಷಯವೂ ಹೀಗೆಯೇ. ಮಗ ಲೆಕ್ಕ ಹಾಕುವುದು ಕೂಲಿಯನ್ನು, ತಂದೆ ಲೆಕ್ಕ ಹಾಕುವುದು ಹುಲ್ಲನ್ನು. ಯಂತ್ರ ಎತ್ತರದಲ್ಲಿ ಕೊಯ್ದರೆ ಬುಡದ ಹುಲ್ಲು ಹೊಲದಲ್ಲೇ ಉಳಿಯುತ್ತದೆ, ಉದುರಿದ್ದನ್ನು ಪೆಂಡಿ ಕಟ್ಟಿಸಲು ಬೇರೆ ಬಾಡಿಗೆ ತೆರಬೇಕು. ಹಟ್ಟಿಯಲ್ಲಿ ಎರಡು ಹಸುಗಳಿದ್ದು ಡೈರಿಗೆ ಹಾಲು ಹಾಕುವ ಮನೆಗೆ ಇದು ಸಣ್ಣ ಮಾತಲ್ಲ. ಹಸುಗಳಿಲ್ಲದ ಮನೆಯಲ್ಲಿ ಇದೇ ಆಕ್ಷೇಪಣೆಗೆ ಅರ್ಥವಿಲ್ಲ.

ಹಾಗೆಂದು ಹಿರಿಯರು ಹೇಳಿದ್ದೆಲ್ಲ ಸರಿಯೆಂದು ವಾದಿಸುವುದು ನನ್ನ ಉದ್ದೇಶವಲ್ಲ. ಯೂರಿಯಾ ಗೊಬ್ಬರವನ್ನು ನೋಡಿ. ಭತ್ತದ ಗದ್ದೆಗೆ ಒಂದು ಹಿಡಿ ಕಡಿಮೆ ಹಾಕೋಣವೆಂದು ಓದಿದ ಮಗ ಹೇಳಿದರೆ ತಂದೆ ಒಪ್ಪುವುದಿಲ್ಲ. ಪೈರು ಕಡುಹಸಿರಾಗಿರಬೇಕು, ಹಸಿರಾದಷ್ಟೂ ಇಳುವರಿ ಎಂಬುದು ಅವರ ನಂಬಿಕೆ. ಇದು ತಲತಲಾಂತರದ ಪದ್ಧತಿಯೇ? ಖಂಡಿತ ಅಲ್ಲ. ಗಿಡ್ಡ ತಳಿಗಳೊಡನೆ ಬಂದ, ಐವತ್ತು ವರ್ಷಗಳ ಹಿಂದಿನ ಹೊಸ ತಂತ್ರಜ್ಞಾನವದು. ಅಂದು ಹರೆಯದಲ್ಲಿದ್ದವರ ಕಣ್ಣೆದುರಿಗೇ ಫಲ ಕೊಟ್ಟಿತು, ಮನಸ್ಸಿನಲ್ಲಿ ನಿಂತುಬಿಟ್ಟಿತು. ನಾವು ಹಳೆಯ ಚಾಳಿ ಎನ್ನುವುದರಲ್ಲಿ ಎಷ್ಟೋ ಪಾಲು ಹಿಂದಿನ ಸುಧಾರಣೆಯೇ ಆಗಿರುತ್ತದೆ. ಹೆಚ್ಚಾದ ಸಾರಜನಕದಿಂದ ಪೈರು ಸೊಕ್ಕಿ, ಬೆಂಕಿ ರೋಗಕ್ಕೂ ಜಿಗಿಹುಳುವಿಗೂ ಆಹ್ವಾನವಿತ್ತಂತಾಗುತ್ತದೆ ಎಂಬುದನ್ನು ಇಲ್ಲಿ ಹಿರಿಯರೇ ಕಲಿಯಬೇಕಾಗಿದೆ. ಅದಕ್ಕೆ ಭಾಷಣ ಬೇಡ. ಎಲೆಬಣ್ಣದ ಪಟ್ಟಿಯನ್ನು ಅವರ ಕೈಗೆ ಕೊಡಿ. ಎಲೆಯ ಹಸಿರನ್ನು ಪಟ್ಟಿಯ ಹಸಿರಿನೊಡನೆ ಹೋಲಿಸಿ ಮೇಲುಗೊಬ್ಬರ ಬೇಕೋ ಬೇಡವೋ ತೀರ್ಮಾನಿಸುವ ಸರಳ ಸಾಧನವದು. ಹಸಿರನ್ನು ಕಣ್ಣಳತೆಯಲ್ಲೇ ಓದಿ ಬಲ್ಲವರಿಗೆ ಅದು ಬೇಗ ಹಿಡಿಸುತ್ತದೆ.

ಇದೇ ತಂದೆ 2021ರಲ್ಲಿ ಬಂದ ದ್ರವರೂಪದ ನ್ಯಾನೊ ಯೂರಿಯಾದ ಬಾಟಲಿಯನ್ನು ಹಿಂದೆಮುಂದೆ ತಿರುಗಿಸಿ ನೋಡಿ, "ಇಷ್ಟರಿಂದ ಏನಾದೀತು?" ಎಂದರೆ ನಗಬೇಡಿ. ಆಗ ಬಂದ ಅರ್ಧ ಲೀಟರಿನಲ್ಲಿ ಶೇಕಡ 4ರಂತೆ ಇದ್ದ ಸಾರಜನಕ 20 ಗ್ರಾಂ. 45 ಕಿಲೋ ಯೂರಿಯಾ ಚೀಲದಲ್ಲಿ ಶೇಕಡ 46ರಂತೆ ಸುಮಾರು 20 ಕಿಲೋ 700 ಗ್ರಾಂ. ಸಾವಿರ ಪಟ್ಟು ಅಂತರ! ಎಲೆಯ ಮೂಲಕ ನೇರವಾಗಿ ಸೇರುವುದರಿಂದ ಅಲ್ಪವೇ ಸಾಕೆಂಬುದು ಅದರ ಪರವಾದ ವಾದ. ಅದನ್ನು ಒಪ್ಪದ ವಿಜ್ಞಾನಿಗಳೂ ಇದ್ದಾರೆ. ಹಿರಿಯರ ಆ ಪ್ರಶ್ನೆ ಪ್ರಯೋಗಾಲಯದವರ ಪ್ರಶ್ನೆಯೂ ಹೌದು.

ಇನ್ನು ಯಂತ್ರನಾಟಿ. ನಾಲ್ಕು ತಿಂಗಳ ತಳಿಗೆ ನಾಲ್ಕು ವಾರದ ಸಸಿ, ಅಂದರೆ ತಿಂಗಳಿಗೊಂದು ವಾರ ಎಂಬ ಸೂತ್ರದಲ್ಲಿ ಬೆಳೆದವರಿಗೆ ಟ್ರೇಗಳಲ್ಲಿ ಬೆಳೆಸಿದ 15-18 ದಿನಗಳ ಎಳೆಯ ಸಸಿ ಕಂಡರೆ ಅಳುಕುವುದು ಸಹಜ. ಒಟ್ಲಿನಿಂದ ಕಿತ್ತ ಸಸಿಯ ಬೇರು ಹರಿಯುತ್ತದೆ, ಚಾಪೆಯಂತೆ ಬೆಳೆಸಿದ ಸಸಿ ತನ್ನ ಮಣ್ಣಿನೊಡನೆಯೇ ಗದ್ದೆಗಿಳಿಯುವುದರಿಂದ ಬೇಗ ಚೇತರಿಸಿಕೊಳ್ಳುತ್ತದೆ. ಈ ಕಾರಣವನ್ನು ಯಾರಾದರೂ ಅವರಿಗೆ ಬಿಡಿಸಿ ಹೇಳಿದ್ದಾರೆಯೇ? ಬಾಡಿಗೆ ಯಂತ್ರದವನು ಹೇಳುವುದಿಲ್ಲ, ಮಗನಿಗೂ ಆತುರ. ಆದರೆ ನೀರು ಬಸಿದುಹೋಗದ ತಗ್ಗಿನ ಗದ್ದೆಯಲ್ಲಿ ಗಿಡ್ಡ ಸಸಿ ಮುಳುಗುತ್ತದೆ ಎಂದು ಅವರು ಹೇಳಿದರೆ ಆ ಗದ್ದೆಯನ್ನು ಯಂತ್ರಕ್ಕೆ ಬಿಡಬೇಡಿ. ನೀರು ಎಲ್ಲಿ ನಿಲ್ಲುತ್ತದೆ ಎಂಬುದು ಅವರಿಗೆ ಗೊತ್ತು.

ಮೊಬೈಲ್ ಫೋನಿನ ಕಥೆ ಬೇರೆ. ಅಲ್ಲಿ ಹಿರಿಯರು ತಂತ್ರಜ್ಞಾನವನ್ನು ಬೇಡವೆಂದದ್ದಕ್ಕಿಂತ ತಂತ್ರಜ್ಞಾನವೇ ಅವರನ್ನು ಬೇಡವೆಂದದ್ದು ಹೆಚ್ಚು. ಬೆಳೆ ಸಮೀಕ್ಷೆಯನ್ನು ರೈತರೇ ಫೋನಿನಲ್ಲಿ ಮಾಡುವ ಏರ್ಪಾಡು ನಮ್ಮ ರಾಜ್ಯದಲ್ಲಿ 2020ರಲ್ಲಿ ಬಂತು. ಪಹಣಿ ತಂದೆಯ ಹೆಸರಿನಲ್ಲಿ, ಫೋನು ಮಗನ ಕೈಯಲ್ಲಿ, ಮಗ ಬೆಂಗಳೂರಿನಲ್ಲಿ! ಪಿ.ಎಂ. ಕಿಸಾನ್ ಹಣಕ್ಕೆ ಇ-ಕೆವೈಸಿ ಮಾಡಿಸಲು ಹೋದರೆ, ನೇಗಿಲು ಗುದ್ದಲಿ ಹಿಡಿದು ಸವೆದ ಬೆರಳಿನ ಗುರುತನ್ನು ಯಂತ್ರ ಒಪ್ಪದೆ ಹಿಂದಿರುಗಿದ ವೃದ್ಧರುಂಟು. ಮುಖ ಗುರುತಿಸಿ ಇ-ಕೆವೈಸಿ ಮಾಡುವ ಸೌಲಭ್ಯ 2023ರಲ್ಲಿ ಸೇರಿದೆ. ಮನೆಯಲ್ಲಿ ಫೋನಿರುವ ಯುವಕರು ಅರ್ಧ ಗಂಟೆ ಕುಳಿತು ಇದನ್ನು ಮಾಡಿಕೊಡಬಹುದು. ಅವಸರದಲ್ಲಿ ತಾವೇ ಒತ್ತಿ ಮುಗಿಸದೆ, ಯಾವ ಬೆಳೆ ದಾಖಲಾಯಿತು, ಹಣ ಯಾವ ಖಾತೆಗೆ ಬಂತು ಎಂಬುದನ್ನು ಹಿರಿಯರಿಗೆ ಓದಿ ಹೇಳಿ.

ಪಹಣಿಯ ಮಾತು ಬಂದುದರಿಂದ ಇದನ್ನೂ ಹೇಳಬೇಕು. ಹೊಸ ಪದ್ಧತಿ ಕೈಕೊಟ್ಟರೆ ಸಹಕಾರ ಸಂಘದ ನೋಟೀಸು ಬರುವುದು ಯಾರ ಹೆಸರಿಗೆ? ಸಾಲಕ್ಕೆ ಸಹಿ ಮಾಡಿದವರು ಕೈ ಹಿಂದೆಗೆದರೆ ಅದನ್ನು ಮುಪ್ಪಿನ ಹಟವೆಂದು ಕರೆಯುವುದು ನ್ಯಾಯವಲ್ಲ. ಅದೇ ಸಾಲದ ಹೊರೆ ಇಪ್ಪತ್ತೈದರ ಯುವಕನ ಮೇಲಿದ್ದರೆ ಅವನೂ ಹಾಗೆಯೇ ಮಾಡಿಯಾನು.

ಆದುದರಿಂದ ಬರುವ ಮುಂಗಾರಿಗೆ ಹೊಸದೇನನ್ನಾದರೂ ಮಾಡಬೇಕೆಂದಿದ್ದರೆ ಇಡೀ ಹೊಲವನ್ನು ಕೇಳಬೇಡಿ, ಐದು ಗುಂಟೆ ಕೇಳಿ. ಯಾವ ಐದು ಗುಂಟೆ ಎಂಬುದನ್ನು ಹಿರಿಯರೇ ಆರಿಸಲಿ. ಪಕ್ಕದಲ್ಲೇ ಅವರ ಪದ್ಧತಿಯ ಐದು ಗುಂಟೆ ಇರಲಿ. ಕೊಯ್ಲಿನಲ್ಲಿ ಕಾಳನ್ನೂ ಹುಲ್ಲನ್ನೂ ಬೇರೆ ಬೇರೆ ತೂಗಿ, ಬೀಜ, ಗೊಬ್ಬರ, ಕೂಲಿ, ಬಾಡಿಗೆಯ ಖರ್ಚನ್ನು ಒಂದೇ ಪುಸ್ತಕದಲ್ಲಿ ಎದುರುಬದುರಾಗಿ ಬರೆಯಿರಿ. ತೂಕದ ಕಲ್ಲನ್ನು ಹಿರಿಯರೇ ಇಡಲಿ.